ಬಲ ಅಂದರೆ ಬಾ

ಒಂದನೇ ತರಗತಿಯ ಕರಿಹಲಗೆಯ ಮೇಲೆ ‘ಬಲ’ ಎಂದು ಬರೆದಿದ್ದೆ. ಮುಂದಿನ ಸಾಲಿನ ಹುಡುಗನೊಬ್ಬ ಅಕ್ಷರ ಕೂಡಿಸಿ ಓದಿದ. ಓದಿದವನೇ ಎದ್ದು ಬಂದು ನನ್ನ ಮೇಜಿನ ಹತ್ತಿರ ನಿಂತ. ತುಳುವಿನಲ್ಲಿ ‘ಬಲ’ ಎಂದರೆ ‘ಬಾ’. ಮಕ್ಕಳು ನಕ್ಕರು. ನಾನು ಗದರಿದೆ. ತರಗತಿಯಲ್ಲಿ ತುಳು ಕೂಡದು ಎಂಬುದು ಆಗ ನನ್ನದೇ ಕಟ್ಟಳೆ. ಆಮೇಲೆ ಆ ಮಗು ಎಷ್ಟೋ ದಿನ ಬಾಯಿ ಬಿಡಲಿಲ್ಲ. ಅವನು ಸರಿಯಾಗಿಯೇ ಓದಿದ್ದನಲ್ಲ, ಅರ್ಥ ಮಾಡಿಕೊಂಡೇ ಎದ್ದು ಬಂದದ್ದಲ್ಲವೇ ಎಂದು ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತರೆ ತುಳು, ಬ್ಯಾರಿ, ಕೊಂಕಣಿ ಮೂರೂ ಕಿವಿಗೆ ಬೀಳುತ್ತವೆ. ಕನ್ನಡ ಹೆಚ್ಚಾಗಿ ಬೋರ್ಡುಗಳ ಮೇಲೆ ಕಾಣುವುದು. ಇದು ಇಂದಿನ ಕತೆಯಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು, ತುಳುವನ್ನು ಕನ್ನಡ ಲಿಪಿಯಲ್ಲಿಯೇ ಅಚ್ಚು ಹಾಕಿದರು. 1872ರಲ್ಲಿ ಬ್ರಿಗೆಲರ ತುಳು ವ್ಯಾಕರಣ, 1886ರಲ್ಲಿ ಮ್ಯಾನರರ ತುಳು-ಇಂಗ್ಲಿಷ್ ನಿಘಂಟು ಬಂದವು. ಆದರೆ ಎಳೆಯ ಮಗುವಿನ ಕೈಗೆ ಶಾಲೆಯಲ್ಲಿ ಬಂದದ್ದು ಕನ್ನಡ ಪುಸ್ತಕವೇ. ತುಳು ಕೆಲವು ಶಾಲೆಗಳಿಗೆ ಪಾಠವಾಗಿ ಕಾಲಿಟ್ಟದ್ದು 2010ರ ಹೊತ್ತಿಗೆ, ಅದೂ ಆರನೇ ತರಗತಿಯಿಂದ ತೃತೀಯ ಭಾಷೆಯಾಗಿ. ಆ ಹೊತ್ತಿಗೆ ಮಗುವಿನ ಹಾಲುಹಲ್ಲೆಲ್ಲ ಬಿದ್ದಾಗಿರುತ್ತದೆ!

ನೇತ್ರಾವತಿ ಸೇತುವೆ ದಾಟಿ ಬಿ.ಸಿ. ರೋಡಿನಾಚೆ ಹೋದರೆ ಬಂಟ್ವಾಳ ಪೇಟೆ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಅಲ್ಲಿ. ಮನೆಮಾತು ಕೊಂಕಣಿ, ಊರಮಾತು ತುಳು, ಬರೆದದ್ದು ಕನ್ನಡ. ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದವರು. ಮಕ್ಕಳು ಹಾಡಿ ಕುಣಿಯುವಂಥ ಪದ್ಯಗಳನ್ನು ಬರೆದರು, ಕತೆ ಬರೆದರು, ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಅವರ ಹಾವಿನ ಪದ್ಯವನ್ನು ಓದಲು ಬಾರದ ಮಕ್ಕಳೂ ಕೈ ಹೆಡೆ ಮಾಡಿ ಹಾಡುವುದನ್ನು ನಾನು ಕಂಡಿದ್ದೇನೆ. ಮೊದಲು ಕಿವಿಗೆ, ಆಮೇಲೆ ನಾಲಗೆಗೆ, ಕಣ್ಣಿಗೆ ಕೊನೆಯಲ್ಲಿ. ಬಿ.ಎಡ್. ಓದುವಾಗ ನಾನು ಬಾಯಿಪಾಠ ಮಾಡಿದ್ದು ಇದನ್ನೇ; ತರಗತಿಗೆ ಬಂದ ಮೇಲೆ ಮರೆತೆ.

ಅ, ಗ, ಸ ಮೂರನ್ನೂ ಗುರುತಿಸಿದ ಮಗು ‘ಅಗಸ’ ಎಂದು ಓದೀತು. ಆದರೆ ಅದರ ಮನೆಯಲ್ಲಿ ಅವನು ಮಡ್ಯೆಲೆ. ಎಂದೂ ಕೇಳದ ಮಾತಿಗೆ ಅಕ್ಷರ ಕೂಡಿಸುವುದೆಂದರೆ ಊರೇ ಗೊತ್ತಿಲ್ಲದೆ ಬಸ್ಸು ಹತ್ತಿದ ಹಾಗೆ. ‘ಮರ’ ಎಂದರೆ ತುಳುವಿನಲ್ಲೂ ಮರವೇ. ಆ ಪದ ಬಂದಾಗ ಮಕ್ಕಳ ಮುಖ ಅರಳುತ್ತದೆ. ಹೀಗಾಗಿ ನಾನು ಆಮೇಲೆ ಜೂನ್ ತಿಂಗಳಿಡೀ ಸ್ಲೇಟು ತೆಗೆಸದೆ ಕತೆ, ಒಗಟು, ಹಾಡುಗಳಲ್ಲೇ ಕಳೆಯತೊಡಗಿದೆ. ಮೊದಲು ತುಳುವಿನಲ್ಲಿ, ಮತ್ತೆ ಅದೇ ಕತೆ ಕನ್ನಡದಲ್ಲಿ. ‘ಟೀಚರ್ ಪಾಠವೇ ಮಾಡುವುದಿಲ್ಲ’ ಎಂಬ ದೂರೂ ಬಂತು. ಬರಲಿ.

ಮೊನ್ನೆ ಬಸ್‌ಸ್ಟಾಪಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷದ ಮಗಳೊಡನೆ ಸಿಕ್ಕಿದಳು. ‘ಅತ್ತೆ ಇವಳಿಗೆ ಬರೇ ತುಳುವಿನಲ್ಲಿ ಕತೆ ಹೇಳ್ತಾರೆ ಟೀಚರ್, ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಬೇಕು, ನಿಲ್ಲಿಸಲಿಕ್ಕೆ ಹೇಳಲಾ?’ ಎಂದಳು. ‘ಯಾವ ಕತೆ ಹೇಳ್ತಾರೆ?’ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಮಗುವೇ ತುಳುವಿನಲ್ಲಿ ಶುರು ಮಾಡಿತು. ನರಿ ಬಂತು, ಕೋಳಿ ಓಡಿತು, ಮಳೆಯೂ ಬಂತು. ಕತೆ ಮುಗಿಯುವಷ್ಟರಲ್ಲಿ ನನ್ನ ಬಸ್ಸು ಹೋಗಿಯಾಗಿತ್ತು.