ಬುತ್ತಿ: ರಾಯಚೂರು ಸೀಮೆಯಲ್ಲಿ ಸಾಂಕ್ರಾಮಿಕ ಕಾಲದ ಪ್ರಯಾಣಾಹಾರ

ಪ್ರಯಾಣಕ್ಕೆ ಹೊರಡುವವರು ತಮ್ಮ ಮನೆಯ ಒಲೆಯ ಮೇಲೆ ಸಿದ್ಧಪಡಿಸಿ, ಬಟ್ಟೆಯಲ್ಲಿ ಕಟ್ಟಿಕೊಂಡು, ದಾರಿಯಲ್ಲಿ ಬಿಚ್ಚಿ ಉಣ್ಣುವ ಆಹಾರಕ್ಕೆ ಬುತ್ತಿಯೆಂದು ಹೆಸರು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಬಯಲಾದ ರಾಯಚೂರು ಸೀಮೆಯಲ್ಲಿ, ಅಂದರೆ ರಾಯಚೂರು ನಗರ, ದೇವದುರ್ಗ, ಮಾನ್ವಿ ಮತ್ತು ಅವುಗಳ ಸುತ್ತಣ ಹಳ್ಳಿಗಳಲ್ಲಿ, ಬುತ್ತಿಯ ಮುಖ್ಯ ದ್ರವ್ಯಗಳು ಜೋಳದ ಕಡಕ್ ರೊಟ್ಟಿ ಮತ್ತು ಒಣ ಚಟ್ನಿ. ರೋಗ ಹಬ್ಬಿದ ಕಾಲದಲ್ಲಿ ಪರರ ಪಾಕಶಾಲೆಗೂ ಪರರ ಪಂಕ್ತಿಗೂ ಅಂಜುವ, ಆದರೂ ಮಕ್ಕಳುಮರಿಗಳೊಡನೆ ಊರಿಂದೂರಿಗೆ ಹೋಗಲೇಬೇಕಾದ ಕುಟುಂಬಗಳಿಗೆ ಈ ಪ್ರಾಚೀನ ಪದ್ಧತಿಯು ಎಷ್ಟು ನಂಬಿಕೆಯ ಆಶ್ರಯವೆಂಬುದು 2020ರ ಕೋವಿಡ್ ವ್ಯಾಧಿಯ ಸಂದರ್ಭದಲ್ಲಿ ಮತ್ತೊಮ್ಮೆ ಸ್ಪಷ್ಟವಾಯಿತು.

ಪ್ರಯಾಣದ ಊಟದಲ್ಲಿ ಅಡಗಿರುವ ಅಪಾಯವು ಎರಡು ಬಗೆಯದು. ಇವೆರಡನ್ನೂ ಒಂದೆಂದು ಭಾವಿಸುವುದರಿಂದ ಎಚ್ಚರಿಕೆಯು ವ್ಯರ್ಥವಾಗುವುದುಂಟು. ವಾಂತಿಭೇದಿಯಂತಹ ವ್ಯಾಧಿಗಳಲ್ಲಿ ರೋಗಾಣುವು ಅನ್ನದಲ್ಲಿಯೂ ನೀರಿನಲ್ಲಿಯೂ ಸೇರಿ ದೇಹವನ್ನು ಪ್ರವೇಶಿಸುತ್ತದೆ. ಶೀತಜ್ವರ ಮತ್ತು ಕೋವಿಡ್‌ನಂತಹ ಶ್ವಾಸರೋಗಗಳಲ್ಲಾದರೋ ದೋಷವಿರುವುದು ಅನ್ನದಲ್ಲಲ್ಲ, ಅನ್ನದ ಸುತ್ತ ಕಲೆತು ಕುಳಿತವರ ಉಸಿರಿನಲ್ಲಿ. 2020ರ ಜನವರಿ 24ರಂದು ಚೀನಾದೇಶದ ಗ್ವಾಂಗ್‌ಝೌ ನಗರದ ಭೋಜನಶಾಲೆಯೊಂದರಲ್ಲಿ, ಪರಸ್ಪರ ಪರಿಚಯವಿಲ್ಲದ ಮೂರು ಕುಟುಂಬಗಳು ನೆರೆನೆರೆಯ ಮೇಜುಗಳಲ್ಲಿ ಕುಳಿತು ಉಂಡುವು. ಹವಾನಿಯಂತ್ರಕದ ಗಾಳಿಯು ಆ ಮೂರು ಮೇಜುಗಳ ನಡುವೆಯೇ ಸುತ್ತುತ್ತಿದ್ದುದರಿಂದ ಅವರಲ್ಲಿ ಮೊದಲೇ ಸೋಂಕಿದ್ದ ಒಬ್ಬರಿಂದ ಇತರ 9 ಮಂದಿಗೆ ಸೋಂಕು ತಗುಲಿತೆಂದು ಅನಂತರದ ಶೋಧನೆಯು ತೋರಿಸಿತು.

ಇಂತಹ ಸಹಭೋಜನದ ಅಪಾಯವು ಅತ್ಯಂತ ಸಾಂದ್ರವಾಗಿ ಕಾಣಿಸಿದುದು ವಿಹಾರನೌಕೆಗಳಲ್ಲಿ. ಜಪಾನಿನ ಯೊಕೊಹಾಮಾ ಬಂದರಿನಲ್ಲಿ 2020ರ ಫೆಬ್ರವರಿಯಲ್ಲಿ ತಡೆಹಿಡಿಯಲ್ಪಟ್ಟ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗಿನಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ರೋಗ ತಗುಲಿತು. ಪ್ರಯಾಣಿಕರು ತಂತಮ್ಮ ಕೋಣೆಗಳಲ್ಲಿಯೇ ಉಳಿಯಬೇಕೆಂಬ ಆಜ್ಞೆಯಾದ ಮೇಲೆ ಅವರಿಗೆ ಊಟವನ್ನು ಬಾಗಿಲಿಗೆ ತಲುಪಿಸುವ ಹೊಣೆಯು ನೌಕೆಯ ಸೇವಕವರ್ಗದ ಮೇಲೆ ಬಿದ್ದಿತು. ಆ ವರ್ಗದಲ್ಲಿ ಸೋಂಕು ದೃಢಪಟ್ಟ ಮೊದಲ 20 ಮಂದಿಯಲ್ಲಿ 15 ಮಂದಿ ಅಡುಗೆ ಮತ್ತು ಬಡಿಸುವಿಕೆಯ ಕೆಲಸದವರೇ ಆಗಿದ್ದರು. ನಮ್ಮ ದೇಶದಿಂದ ಹೋದ 132 ಮಂದಿ ನೌಕರರೂ ಆ ಹಡಗಿನಲ್ಲಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಉಣ್ಣುವವರ ಕ್ಷೇಮವನ್ನು ಕುರಿತು ಬರೆಯುವವರು ಉಣಬಡಿಸುವವರ ಕ್ಷೇಮವನ್ನು ಮರೆಯುವುದು ಬಹು ಸಾಮಾನ್ಯವಾದ ಅನ್ಯಾಯ.

ರಾಯಚೂರಿಗೆ ಕಡಲಿಲ್ಲ, ಈ ಸೀಮೆಯ ದೂರಪ್ರಯಾಣದ ಮುಖ್ಯವಾಹನ ರೈಲು. ಮುಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿಯೇ ಸಂಧಿಸಿದುವು. ಅಂದಿನಿಂದ ಮುಂಬಯಿಯ ಸರಕು, ಸುದ್ದಿಗಳೊಡನೆ ಅಲ್ಲಿಯ ವ್ಯಾಧಿಗಳಿಗೂ ಈ ಕಡೆಗೆ ದಾರಿಯಾಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ದಕ್ಷಿಣಾಪಥಕ್ಕೆ ಹಬ್ಬಿದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದರು. ಒಲೆ ಹೂಡಲು ಅನುಕೂಲವಿಲ್ಲದ ಅಂತಹ ಬಿಡಾರಗಳಲ್ಲಿ ಮೊದಲೇ ತಟ್ಟಿ ಒಣಗಿಸಿಟ್ಟ ರೊಟ್ಟಿಯಷ್ಟು ಒದಗುವ ಆಹಾರ ಬೇರೊಂದಿಲ್ಲ.

ಕಡಕ್ ರೊಟ್ಟಿಯ ಗುಣವಿರುವುದು ಅದರ ಶುಷ್ಕತೆಯಲ್ಲಿ. ಹಿಂಗಾರಿ ಬೆಳೆಯಾದ ಬಿಳಿಜೋಳದ ಹಿಟ್ಟಿನಲ್ಲಿ ಗೋಧಿಯ ಹಿಟ್ಟಿಗಿರುವ ಅಂಟು ಇಲ್ಲವಾದ ಕಾರಣ, ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರನ್ನು ಸುರಿದು, ಕೈಗೆ ಬಿಸಿ ತಾಗುತ್ತಿರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಅನಂತರ ಒಣಹಿಟ್ಟು ಉದುರಿಸಿಕೊಂಡು ಎರಡೂ ಕೈಗಳಿಂದ ಬಡಿಯುತ್ತ ತಿರುಗಿಸುತ್ತ ಕಾಗದದಷ್ಟು ತೆಳ್ಳಗಾಗಿಸಿ, ಕಾದ ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ, ಮಗುಚಿ, ಕೆಂಡದ ಮುಂದೆ ಹಿಡಿದು ಉಬ್ಬಿಸುತ್ತಾರೆ. ಇದು ಬಿಸಿರೊಟ್ಟಿ. ಇದನ್ನು ಅಲ್ಲಿಗೇ ಬಿಡದೆ, ಇಳಿದ ಉರಿಯ ಬಿಸಿಯಲ್ಲಿ ಒಲೆಯ ಸುತ್ತ ಓರೆಯಾಗಿ ನಿಲ್ಲಿಸಿ, ಒಳಗಣ ತೇವವೆಲ್ಲ ಆರಿ, ಮುರಿದರೆ ಹಪ್ಪಳದಂತೆ ಸದ್ದಾಗುವವರೆಗೆ ಕಾಯಿಸಿದರೆ ಅದು ಕಡಕ್ ರೊಟ್ಟಿಯಾಗುತ್ತದೆ. ತೇವವಿಲ್ಲದೆಡೆ ಬೂಷ್ಟು ಬೆಳೆಯಲಾರದು; ಆದುದರಿಂದಲೇ ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ಈ ಸೀಮೆಯ ಸೆಖೆಯಲ್ಲಿ, ಬೆಳಗ್ಗೆ ಕಲಸಿದ ಮೊಸರನ್ನದ ಬುತ್ತಿಯು ಸಂಜೆಗೆ ಹುಳಿಯಾದರೂ, ಬಿಳಿಯ ಧೋತರದಲ್ಲಿ ಸುತ್ತಿಟ್ಟ ಈ ರೊಟ್ಟಿಯು ವಾರಗಟ್ಟಲೆ ಕೆಡದೆ ಉಳಿಯುತ್ತದೆ.

ಇದರ ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಪುಟಾಣಿ ಚಟ್ನಿ ಇವುಗಳಲ್ಲೊಂದೋ ಎರಡೋ ಇರಲೇಬೇಕು. ಹುರಿದ ಶೇಂಗಾವನ್ನು ಬೆಳ್ಳುಳ್ಳಿ, ಒಣಖಾರ, ಉಪ್ಪುಗಳೊಡನೆ ಕುಟ್ಟಿದ ಪುಡಿಯು ನೀರು ಸೋಕದಿರುವಷ್ಟು ಕಾಲವೂ ಬಾಳುತ್ತದೆ. ಆದರೆ ಮುಗ್ಗಲು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವು ಹುಟ್ಟುವ ಸಂಭವವಿರುವುದರಿಂದ, ಕಹಿಯಾದ ಬೀಜವನ್ನು ಆರಿಸಿ ತೆಗೆಯುವುದರಲ್ಲಿ ಉದಾಸೀನ ಸಲ್ಲದು. ಸಿಹಿಗೆ ಶೇಂಗಾ ಹೋಳಿಗೆಯೋ ಮಾದಲಿಯೋ ಸಾಕು. ಹಲ್ಲಿಲ್ಲದ ವೃದ್ಧರೂ ಎಳೆಯ ಮಕ್ಕಳೂ ರೊಟ್ಟಿಯನ್ನು ಮುರಿದು ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ನೆನೆಸಿ ಉಣ್ಣುತ್ತಾರೆ.

ರಾಯಚೂರು ಸೀಮೆಯಲ್ಲಿ ಹೊರಗೆ ಉಣ್ಣುವವರಿಗೆ ಸಾಂಪ್ರದಾಯಿಕ ತಾಣವೆಂದರೆ ಖಾನಾವಳಿ. ಇದರ ಸೊಗಸೆಲ್ಲವೂ ಬಿಸಿರೊಟ್ಟಿಯು ಹಂಚಿನಿಂದ ತಟ್ಟೆಗೆ ನೇರವಾಗಿ ಬೀಳುವುದರಲ್ಲಿ, ಅಪರಿಚಿತರು ಒಂದೇ ಮೇಜಿನ ಸುತ್ತ ಒತ್ತೊತ್ತಾಗಿ ಕೂಡುವುದರಲ್ಲಿ, ಪಲ್ಯದ ಬಟ್ಟಲು ಮತ್ತೆ ಮತ್ತೆ ತುಂಬುವುದರಲ್ಲಿ ಇದೆ. 2020ರಲ್ಲಿ ವರ್ಜ್ಯವಾದುವು ಕೂಡ ಇವೇ. ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗ ಕುಳಿತು ಉಣ್ಣುವ ಖಾನಾವಳಿ ಹೋಟೆಲುಗಳು ಮುಚ್ಚಿದುವು. ಜೂನ್ 8ರಿಂದ ಅವನ್ನು ತೆರೆಯಲು ಅನುಮತಿ ದೊರೆತಾಗ ಕೇಂದ್ರದ ಆರೋಗ್ಯ ಸಚಿವಾಲಯವು ಆಸನಗಳಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಬೇಕೆಂದೂ, ಕುಳಿತು ಉಣ್ಣುವುದಕ್ಕಿಂತ ಪಾರ್ಸಲ್ ಒಯ್ಯುವುದನ್ನು ಪ್ರೋತ್ಸಾಹಿಸಬೇಕೆಂದೂ ವಿಧಿಸಿತು. ಮಂಡಾಳು ಒಗ್ಗರಣೆ ಮತ್ತು ಮಿರ್ಚಿಯಂತಹ ತಿನಿಸುಗಳು ಪೊಟ್ಟಣಕ್ಕೆ ಸುಲಭವಾಗಿ ಒಗ್ಗಿದುವು. ಬಿಸಿರೊಟ್ಟಿ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ತೊಗಲಿನಂತಾಗುವುದರಿಂದ ಪಾರ್ಸಲ್ಲಿಗೆ ಯೋಗ್ಯವಲ್ಲ. ಹೊರಗಿನ ಊಟವನ್ನೇ ಅವಲಂಬಿಸಬೇಕಾದ ಕುಟುಂಬವು ಕಟ್ಟಡದೊಳಗೆ ಕೂಡುವುದಕ್ಕಿಂತ ಬಯಲಿನಲ್ಲಿ, ಮರದಡಿಯಲ್ಲಿ, ಜನರಿಲ್ಲದ ಹೊತ್ತಿನಲ್ಲಿ ಉಣ್ಣುವುದು ಶ್ರೇಯಸ್ಕರ.

ದೇವದುರ್ಗ ಮತ್ತು ಮಾನ್ವಿಯ ಕಡೆಯಿಂದ ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದುಗಳಿಗೆ ಕೂಲಿಗಾಗಿ ಗುಳೆ ಹೋಗುವ ಕುಟುಂಬಗಳ ವಿಷಯದಲ್ಲಿ 2020ರ ಲಾಕ್‌ಡೌನಿನ ಪ್ರಕರಣವು ಬಹು ದುಃಖಕರವಾದುದು. ಕಟ್ಟಡದ ಕೆಲಸ ನಿಂತು, ಕೂಲಿ ನಿಂತು, ದಾರಿಯ ಹೋಟೆಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ ಇವರು ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಲಾರಿಗಳಲ್ಲಿಯೂ ಕಾಲ್ನಡೆಯಲ್ಲಿಯೂ ಮರಳಿದರು. ಊರಿನಿಂದ ಹೊರಡುವಾಗ ಕಟ್ಟಿಕೊಂಡ ಬುತ್ತಿಯು ಎಂದೋ ತೀರಿತ್ತು, ಪರಸ್ಥಳದ ತಗಡಿನ ಶೆಡ್ಡಿನಲ್ಲಿ ಹೊಸದಾಗಿ ರೊಟ್ಟಿ ಬಡಿಯಲು ಜೋಳವಿರಲಿಲ್ಲ. ಎಚ್ಚರಿಕೆಯಿಂದ ಉಣ್ಣಬೇಕೆಂಬ ಉಪದೇಶವು ಉಣ್ಣಲು ಇದ್ದವರಿಗೆ ಮಾತ್ರ ಅನ್ವಯಿಸುತ್ತದೆಯೆಂಬುದನ್ನು ಆ ದಿನಗಳು ನಿಷ್ಠುರವಾಗಿ ತೋರಿಸಿದುವು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬಂದವರನ್ನು ಶಾಲೆ, ವಸತಿನಿಲಯಗಳಲ್ಲಿ ಕ್ವಾರಂಟೈನಿನಲ್ಲಿರಿಸಿ ಅಲ್ಲಿಯೇ ಊಟ ಕೊಡಲಾಯಿತು. ಕೋಣೆಯೊಳಗೆ ಬಂದಿಗಳಾಗಿ ಬಾಗಿಲಿಗೆ ಬರುವ ಊಟವನ್ನು ಕಾಯುವ ಸ್ಥಿತಿಯಲ್ಲಿ ಯೊಕೊಹಾಮಾದ ಶ್ರೀಮಂತ ಪ್ರವಾಸಿಗಳಿಗೂ ದೇವದುರ್ಗದ ಕೂಲಿಕಾರರಿಗೂ ಸಾಮ್ಯವಿತ್ತು. ಅದರಾಚೆಗೆ ಯಾವ ಸಾಮ್ಯವೂ ಇರಲಿಲ್ಲ.

ಜೂನ್ 1ರಿಂದ ಇನ್ನಷ್ಟು ದೂರಗಾಮಿ ರೈಲುಗಳು ಮತ್ತೆ ಹೊರಟಾಗ ರೈಲ್ವೆಯು ಬೇಯಿಸಿದ ಊಟವನ್ನು ಒದಗಿಸದೆ, ಪ್ರಯಾಣಿಕರು ತಮ್ಮ ಅನ್ನಪಾನಗಳನ್ನು ತಾವೇ ತರಬೇಕೆಂದು ಸೂಚಿಸಿತು. ಮುಂಬಯಿ ಬೆಂಗಳೂರುಗಳ ನಡುವೆ ರಾಯಚೂರಿನ ಮಾರ್ಗವಾಗಿ ಓಡುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಂತಹ ಗಾಡಿಯಲ್ಲಿ ಒಂದು ಹಗಲು ಒಂದು ಇರುಳು ಕಳೆಯಬೇಕಾದ ಕುಟುಂಬಕ್ಕೆ ಬುತ್ತಿಯ ಹೊರತು ಗತಿಯಿರಲಿಲ್ಲ. ಎಲ್ಲ ರೈಲುಗಳಲ್ಲಿಯೂ ಬೇಯಿಸಿದ ಊಟ ಪೂರ್ಣವಾಗಿ ಮರಳಿದುದು 2022ರ ಫೆಬ್ರವರಿ 14ರಂದು. ಸಾಂಕ್ರಾಮಿಕ ಕಾಲದಲ್ಲಿ ಬುತ್ತಿಯಿದ್ದರೂ ಉಣ್ಣುವಾಗ ಮುಖದ ಮಾಸ್ಕ್ ತೆಗೆಯಲೇಬೇಕಾದುದರಿಂದ, ಎದುರಿನವರು ಉಣ್ಣುವ ಹೊತ್ತನ್ನು ಬಿಟ್ಟು, ಕಿಟಕಿ ತೆರೆದಿಟ್ಟು, ಬೇಗನೆ ಉಂಡು ಮುಗಿಸುವುದು ವಿವೇಕ.

ನದಿಪ್ರಯಾಣದಲ್ಲಿಯೂ ಈ ರೂಢಿಯುಂಟು. ರಾಯಚೂರು ತಾಲ್ಲೂಕಿನ ಆತ್ಕೂರಿನ ಕಡೆಯಿಂದ ಕೃಷ್ಣೆಯನ್ನು ದಾಟಿ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರದ ನಡುಗಡ್ಡೆಗೆ ಹೋಗುವ ಯಾತ್ರಿಕರಲ್ಲಿ ಬುತ್ತಿಗಂಟು ಒಯ್ಯುವವರಿದ್ದಾರೆ.

ಸ್ವಗೃಹದ ಅನ್ನವನ್ನೇ ಉಣ್ಣುವ ಈ ಪದ್ಧತಿಯನ್ನು ಮಡಿಯೊಡನೆ ಸಮೀಕರಿಸುವುದು ಉಚಿತವಲ್ಲ. ಹರಿದಾಸರಾದ ವಿಜಯದಾಸರ ಚೀಕಲಪರ್ವಿ ಮತ್ತು ಜಗನ್ನಾಥದಾಸರ ಮಾನ್ವಿ ಇರುವ ಈ ಸೀಮೆಯಲ್ಲಿ ಮಡಿಯ ಆಚಾರವು ಬಲವಾಗಿ ಬೇರೂರಿತ್ತು, ನಿಜ. ಆದರೆ ಮಡಿಯು ಜನ್ಮವನ್ನು ನೋಡಿ ಮನುಷ್ಯನನ್ನು ದೂರವಿರಿಸಿತು, ರೋಗಾಣುವಿಗೆ ಜಾತಿಯ ಪರಿಜ್ಞಾನವಿಲ್ಲ. ಸಾಂಕ್ರಾಮಿಕ ಕಾಲದ ಅಂತರವು ವ್ಯಾಧಿಯೊಡನೆ ಆರಂಭವಾಗಿ ವ್ಯಾಧಿಯೊಡನೆ ಮುಗಿಯಬೇಕಾದುದು. ಅದನ್ನು ನೆಪವಾಗಿಸಿಕೊಂಡು ಹಳೆಯ ಪಂಕ್ತಿಭೇದವನ್ನು ಪುನಃ ಸ್ಥಾಪಿಸುವವರಿಗೆ ಆರೋಗ್ಯಶಾಸ್ತ್ರದ ಬೆಂಬಲವಿಲ್ಲ.

ಬುತ್ತಿಯ ದುರ್ಬಲಾಂಶವೆಂದರೆ ನೀರು. ರೊಟ್ಟಿ ಒಣಗಿದಷ್ಟೂ ಬಾಯಾರಿಕೆ ಹೆಚ್ಚು, ಅನ್ನವನ್ನು ಮನೆಯಿಂದ ತಂದವನೂ ನೀರನ್ನು ದಾರಿಯ ನಲ್ಲಿಯಲ್ಲಿ ಹಿಡಿಯುತ್ತಾನೆ. 2022ರ ಮೇ ಅಂತ್ಯ ಮತ್ತು ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿಯೇ ನಲ್ಲಿಯಲ್ಲಿ ಬಂದ ಕಲುಷಿತ ನೀರನ್ನು ಕುಡಿದು ಅನೇಕರು ವಾಂತಿಭೇದಿಗೀಡಾಗಿ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಎರಡು ಮಹಾನದಿಗಳ ನಡುವೆ ನೆಲೆಸಿದ ನಗರಕ್ಕೆ ಶುದ್ಧ ಜಲವು ದುರ್ಲಭವಾದುದು ಆಡಳಿತದ ಅಕ್ಷಮ್ಯ ಲೋಪ. ಈ ಲೋಪವು ಸರಿಯಾಗುವ ತನಕ, ಮಕ್ಕಳೊಡನೆ ಹೊರಡುವ ಕುಟುಂಬವು ರೊಟ್ಟಿಯ ಗಂಟು ಕಟ್ಟುವುದಕ್ಕೆ ಮೊದಲು, ಚೆನ್ನಾಗಿ ಕುದಿಸಿ ಆರಿಸಿದ ನೀರನ್ನು ದಾರಿಗೆ ಸಾಲುವಷ್ಟು ತುಂಬಿಕೊಳ್ಳತಕ್ಕದ್ದು.