ಗೊಂಬೆ ಪಾರ್ಕಿನ ಪುಟ್ಟ ರೈಲು

ನವರಾತ್ರಿ ಸಮೀಪಿಸಿತೆಂದರೆ ರಾಜಾಜಿನಗರ, ವಿಜಯನಗರದ ಹಲವು ಮನೆಗಳಲ್ಲಿ ಗೊಂಬೆ ಮೆಟ್ಟಿಲುಗಳ ಮುಂದೆ ‘ಪಾರ್ಕ್’ ಸಿದ್ಧವಾಗುತ್ತದೆ. ವಾರ ಮುಂಚೆಯೇ ಮಣ್ಣಿನಲ್ಲಿ ಚೆಲ್ಲಿದ ರಾಗಿ, ಸಾಸಿವೆ ಮೊಳೆತು ಹುಲ್ಲುಹಾಸಾಗುತ್ತದೆ. ಕನ್ನಡಿಯೇ ಕೆರೆ, ಅದರ ಅಂಚು ಕಾಣದಂತೆ ಸುತ್ತ ಮರಳು. ಪಕ್ಕದಲ್ಲಿ ಚನ್ನಪಟ್ಟಣದ ಅರಗು ಬಣ್ಣದ ಮರದ ರೈಲು. ಕೆಂಗೇರಿ, ಚನ್ನಪಟ್ಟಣಗಳ ಮೂಲಕ ಮೈಸೂರಿನವರೆಗೆ ನಿಜವಾದ ರೈಲು ಓಡತೊಡಗಿದ್ದು 1882ರಲ್ಲಿ.

ಐರೋಪ್ಯರಲ್ಲಿ ಇಂಥದೇ ಕಲೆ ಹವ್ಯಾಸವಾಗಿ ಬೆಳೆಯಿತು. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಗೊತ್ತಾದ ಅಳತೆಯ ಹಳಿಗಳ ಆಟದ ರೈಲನ್ನು ಲೈಪ್‌ಜಿಗ್ ಮೇಳಕ್ಕೆ ತಂದಿತು. ಮುಂದೆ ರೈಲಿನ ಸುತ್ತ ಗುಡ್ಡ, ಮರ, ನಿಲ್ದಾಣಗಳೂ ಬಂದವು. ಇಂದು ಜನಪ್ರಿಯವಾಗಿರುವ ‘ಎಚ್‌ಓ’ ಮಾದರಿಯಲ್ಲಿ ಎಲ್ಲವೂ ಮೂಲದ 87ರಲ್ಲಿ ಒಂದು ಪಾಲು. ಐದೂವರೆ ಅಡಿಯ ಆಳು 2 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ.

ನಮ್ಮ ಪಾರ್ಕಿಗೆ ಈ ಕಟ್ಟಳೆಯಿಲ್ಲ. ಶೆಟ್ಟಿ ಗೊಂಬೆ ರೈಲಿಗಿಂತ ಎತ್ತರವಿದ್ದರೂ ಯಾರೂ ಆಕ್ಷೇಪಿಸರು. ಆದರೆ ಅವನ ಅಂಗಡಿಯಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ ಇರಲೇಬೇಕು. ನೋಡುವವರನ್ನು ನಂಬಿಸುವುದು ಆ ಹಿಡಿ ಬೇಳೆಯೇ.

ಹಬ್ಬ ಮುಗಿದ ಮೇಲೆ ಗೊಂಬೆಗಳು ಪೆಟ್ಟಿಗೆ ಸೇರುತ್ತವೆ, ಪೈರು ಒಣಗುತ್ತದೆ. ಪಟ್ಟದ ಗೊಂಬೆಗಳನ್ನು ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳುಹಿಸುವುದು ವಾಡಿಕೆ. ಪಾರ್ಕ್ ಕಟ್ಟುವ ವಿದ್ಯೆಯನ್ನು ಮಾತ್ರ ಹಾಗೆ ಪೆಟ್ಟಿಗೆಯಲ್ಲಿಟ್ಟು ಕೊಡಲಾಗದು. ಅಜ್ಜಿ ರಾಗಿ ಚೆಲ್ಲುವಾಗ ಮೊಮ್ಮಗು ಪಕ್ಕದಲ್ಲಿ ಕುಳಿತಿದ್ದರಷ್ಟೇ ಅದು ಉಳಿಯುತ್ತದೆ.