ತೋಳಿನ ಮೇಲಿನ ಕಲೆ

ನಿಮ್ಮ ಮನೆಯಲ್ಲಿ ಅರುವತ್ತು ದಾಟಿದ ಹಿರಿಯರಿದ್ದರೆ ಅವರ ತೋಳನ್ನೊಮ್ಮೆ ನೋಡಿ. ಕಾಸಿನಗಲದ ಕಲೆಯೊಂದು ಕಾಣಬಹುದು. ಅದು ಬಾಲ್ಯದಲ್ಲಿ ದಾಕು ಹಾಕಿಸಿಕೊಂಡ ಗುರುತು. ಇಂದಿನ ಮಕ್ಕಳಿಗೆ ಆ ದಾಕು ಬೇಕಿಲ್ಲ. ಅದು ತಡೆಯುತ್ತಿದ್ದ ಸಿಡುಬು ಈಗ ಯಾವ ನಾಡಿನಲ್ಲಿಯೂ ಇಲ್ಲ. ಇದು ಹೇಗೆ ಸಾಧ್ಯವಾಯಿತು?

ಸಿಡುಬು ಬಂದು ಬದುಕಿದವರಿಗೆ ಅದು ಸಾಮಾನ್ಯವಾಗಿ ಮತ್ತೆ ಬಾರದೆಂಬುದನ್ನು ಹಿಂದಿನವರು ಬಲ್ಲರು. ಆದುದರಿಂದಲೇ ಬಂಗಾಳ, ತುರ್ಕಿ ಮೊದಲಾದೆಡೆ ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಸೋಕಿಸುವ ಪದ್ಧತಿಯಿತ್ತು. ಬಹುಮಂದಿಗೆ ರೋಗ ಹಗುರವಾಗಿ ಬಂದು ಹೋಗುತ್ತಿತ್ತು. ಆದರೆ ಕೆಲವರು ಸಾಯುತ್ತಿದ್ದರು. ಅವರಿಂದ ನೆರೆಹೊರೆಗೂ ಹರಡುವ ಭಯವಿತ್ತು.

ಹಸುವಿನ ಕೆಚ್ಚಲಿನಿಂದ ಹಾಲು ಕರೆಯುವವರಿಗೆ ಅಂಟುವ ಸೌಮ್ಯವಾದ ಸಿಡುಬೊಂದುಂಟು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರ ಮೇ 14ರಂದು ಅದರ ರಸವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಬಾಲಕನ ತೋಳಿಗೆ ಹಾಕಿದನು. ಜುಲೈಯಲ್ಲಿ ನಿಜವಾದ ಸಿಡುಬಿನ ಕೀವನ್ನೇ ಸೋಕಿಸಿದರೂ ಹುಡುಗನಿಗೆ ರೋಗ ಬರಲಿಲ್ಲ. ಮಗುವಿನ ಮೇಲೆ ಅಂಥ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು; ಫಲ ಮಾತ್ರ ಲೋಕಕ್ಕೆಲ್ಲ ದಕ್ಕಿತು.

ಇದರ ಮರ್ಮವೇನು? ಹೊಸ ರೋಗಾಣು ಹೊಕ್ಕಾಗ ಅದನ್ನು ಗುರುತಿಸಿ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಲು ದೇಹಕ್ಕೆ ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ರೋಗ ಮೇಲುಗೈ ಪಡೆಯಬಹುದು. ಲಸಿಕೆ ಶತ್ರುವಿನ ಚಹರೆಯನ್ನು ಅಪಾಯವಿಲ್ಲದ ರೂಪದಲ್ಲಿ ಮೊದಲೇ ಪರಿಚಯಿಸುತ್ತದೆ. ಆ ನೆನಪನ್ನು ಹೊತ್ತ ಕಣಗಳು ದೇಹದಲ್ಲಿ ಉಳಿದು, ನಿಜವಾದ ರೋಗಾಣು ಬಂದೊಡನೆ ಎದ್ದು ನಿಲ್ಲುತ್ತವೆ. ಹಸುವಿನ ಸಿಡುಬೂ ಮನುಷ್ಯರ ಸಿಡುಬೂ ದಾಯಾದಿಗಳಾದುದರಿಂದ ಒಂದರ ಪರಿಚಯ ಇನ್ನೊಂದಕ್ಕೂ ಸಾಕಾಯಿತು.

ಆದರೆ ಬಿಸಿಲಿಗೆ ಲಸಿಕೆ ಕೆಡುತ್ತಿತ್ತು. ಆದ್ದರಿಂದ ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಅದನ್ನು ಮುಂಬಯಿಗೆ ತಂದರು. 1802ರ ಜೂನ್ 14ರಂದು ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಭಾರತದಲ್ಲಿ ಮೊದಲು ದಾಕು ಹಾಕಿಸಿಕೊಂಡಳು.

ಅನ್ಯರ ಗುಳ್ಳೆಯ ರಸವೆಂದರೆ ಜನ ಹಿಂಜರಿದುದು ಸಹಜ. ಆಗ ಮೈಸೂರಿನ ಅರಮನೆ ದಾರಿ ತೋರಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡರು. ಅದನ್ನು ಕಂಡು ಜನರೂ ಮುಂದೆ ಬಂದರೆಂದು 1806ರ ದಾಖಲೆಯೊಂದು ಹೇಳುತ್ತದೆ. ಚಿತ್ರಕಾರ ಥಾಮಸ್ ಹಿಕಿ ಬರೆದ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾರೆ. ಆಕೆಯೇ ಈ ರಾಣಿ, ತೋರಿಸುತ್ತಿರುವುದು ದಾಕಿನ ಜಾಗ ಎಂಬುದು ಇತಿಹಾಸಕಾರ ನೈಜಲ್ ಚಾನ್ಸೆಲರ್ ಅವರ ಅಭಿಪ್ರಾಯ.

ಸಿಡುಬಿಗೆ ಮನುಷ್ಯನ ಹೊರತು ಬೇರೆ ಆಶ್ರಯವಿರಲಿಲ್ಲ. ರೋಗ ಕಂಡೆಡೆಯೆಲ್ಲ ಸುತ್ತಲಿನವರಿಗೆ ದಾಕು ಹಾಕುತ್ತ ಬಂದಂತೆ ಅದಕ್ಕೆ ನೆಲೆ ತಪ್ಪಿತು. ಭಾರತದಲ್ಲಿ 1975ರಲ್ಲಿ ಕೊನೆಯ ಬಾರಿ ಕಾಣಿಸಿಕೊಂಡಿತು. 1980ರ ಮೇ 8ರಂದು ಲೋಕವೇ ಸಿಡುಬಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಭೆ ಸಾರಿತು.

ಮೈಯೊಳಗೆ ಲಸಿಕೆಯನ್ನು ಕಾಯುವುದು ನೆನಪು. ಊರೊಳಗೆ ಅದನ್ನು ಕಾಯುವುದು ನಂಬಿಕೆ. ರೋಗ ಕಣ್ಮರೆಯಾದೊಡನೆ ಅದರ ಭಯವನ್ನೂ ಮರೆಯುತ್ತೇವೆ. ದಡಾರವಾದರೋ ಇನ್ನೂ ಹೋಗಿಲ್ಲ. ನಿಮ್ಮ ಮಗುವಿನ ಲಸಿಕೆಯ ಚೀಟಿಯಲ್ಲಿ ಯಾವುದಾದರೂ ಬಾಕಿಯಿದೆಯೇ, ನೋಡಿಕೊಳ್ಳಿ.